ಗಂಡುಬೀರಿ ಅಂತಲೇ ಬರಿ

5 ಫೆಬ್ರವರಿ, ಬೆಳಿಗ್ಗೆ

ಕಮಲಾಪುರದಿಂದ ಬಾಳೆಗೊನೆ ತುಂಬಿಕೊಂಡು ಕಲಬುರಗಿಗೆ ಬಂದೆ. ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಜಾಮ್. 'ಭಯ್ಯಾ, ಸೈಡ್' ಎಂದ ಟ್ರಾಫಿಕ್ ಪೊಲೀಸ್ ನನ್ನ ಮುಖ ನೋಡಿ ತಡವರಿಸಿದ. ಕ್ರಾಪು, ಶರ್ಟು, ಪ್ಯಾಂಟು... ಅವನ ತಪ್ಪಲ್ಲ. ಹಮಾಲರಿಗೆ ಆ ಗೊಂದಲವಿಲ್ಲ. ಎಷ್ಟೋ ವರ್ಷದಿಂದ ನನಗೆ ಒಂದೇ ಹೆಸರಿಟ್ಟಿದ್ದಾರೆ — ಗಂಡುಬೀರಿ. ಎದುರಿಗಲ್ಲ, ನಾನು ದಾಟಿಹೋದ ಮೇಲೆ.

ಸ್ವಂತ ಟಂಟಂ, ಮೂರು ಗಾಲಿಯ ಸಾಮಾನು ಗಾಡಿ, ತಗೊಂಡು ಒಂದು ವಾರ. ಹೆಸರು ಬರೆಸುವ ಹಿಂದಿನ ಫಳಿ ಇನ್ನೂ ಖಾಲಿ.

6 ಫೆಬ್ರವರಿ

ಕೋಟೆ ಹತ್ತಿರ ಪೇಂಟರ್ ಅಮೀರ್. ತಂದೆ-ತಾಯಿ ಆಶೀರ್ವಾದ ಬರೀಲೇನು ಎಂದ. ಬೇಡ ಎಂದೆ. ಏನು ಬೇಕೋ ಹೇಳಿದೆ. ಬ್ರಷ್ ಕೆಳಗಿಟ್ಟ.

"ಅದು ಬೈಗುಳ ಅಲ್ಲೇನಕ್ಕಾ?"

"ಹಿಂದಿದ್ದವರು ಹೆಂಗೂ ಅಂತಾರ. ಬರ್ದಿದ್ದು ಓದ್ಲಿ."

ಬ್ರಷ್ ಮತ್ತೆ ಕೈಗೆತ್ತಿಕೊಂಡ. ಆಮೇಲೆ ಹಳದಿ ಡಬ್ಬಿ ತೆರೆದ. ದೊಡ್ಡ ಅಕ್ಷರ. ಕೆಂಪು ಶೇಡ್ ನಾನು ಕೇಳಿರಲಿಲ್ಲ, ತಾನಾಗಿ ಕೊಟ್ಟ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದೆ ಬರುವವರ ಮುಖವನ್ನೇ ನೋಡಿದೆ. ಓದುತ್ತಾರೆ, ನಗುತ್ತಾರೆ. ನಾನೂ ನಕ್ಕೆ.

11 ಫೆಬ್ರವರಿ, ಕಮಲಾಪುರ

ಅವ್ವನಿಗೆ ಓದು ಬರದು. ಏನು ಬರೆಸಿದೆ ಎಂದು ಕೇಳಿದಳು. ಬಾಯಿಬಿಟ್ಟು ಹೇಳಬೇಕಾಯಿತು. ಆಮೇಲೆ ಒಂದೇ ವಿಷಯ — ಬರುವ ಭಾನುವಾರ ತಂಗಿ ಯಶೋಧರಾಳನ್ನು ನೋಡಲು ಬೀದರ್‌ನವರು ಬರುತ್ತಾರೆ. ಅವತ್ತು ಗಾಡಿ ಬೇರೆ ಓಣಿಯಲ್ಲಿರಲಿ, ನಾನು ಸೀರೆ ಉಡಲಿ.

ಗಾಡಿ ಬೇಕಾದರೆ ಆ ಕಡೆ ನಿಲ್ಲಿಸುತ್ತೇನೆ ಎಂದೆ. ಸೀರೆ ಮಾತ್ರ ಆಗದು ಎಂದೆ. ಅವಳಿಗೂ ಊಟ ಸೇರಲಿಲ್ಲ. ನನಗೂ.

18 ಫೆಬ್ರವರಿ, ಸಂಜೆ

ಇದನ್ನು ಬರೆದಿಡಲೇಬೇಕು.

ಬೆಳಿಗ್ಗೆ ಗಾಡಿ ತೆಗೆಯಲು ಹೋದರೆ ಕೀಲಿ ಇಲ್ಲ. ಯಶೋಧರಾ ಬಚ್ಚಿಟ್ಟಿದ್ದಳು. ಅಕ್ಕನನ್ನು ಮುಚ್ಚಿಟ್ಟು ಆಗುವ ಮದುವೆ ತನಗೆ ಬೇಡವಂತೆ. ಅಷ್ಟರಲ್ಲಿ ಅವರು ಬಂದೇಬಿಟ್ಟರು. ಮಂಡಕ್ಕಿ ಸುಸಲಾ, ಚಹಾ. ಹುಡುಗ ವಿಶ್ವಾಸ — ಮಾತು ಕಡಿಮೆ, ಕಣ್ಣು ಒಳ್ಳೆಯವು. ಅವನ ಸೋದರಮಾವ ಅಂಬಣ್ಣನವರದೇ ಮಾತೆಲ್ಲ.

"ಹೊರಗಿನ ಗಾಡಿ ಯಾರ್ದ್ರೀ? ಹಂಗ್ಯಾಕ ಬರ್ಸ್ಯಾರ?"

ಇಸ್ತ್ರಿ ಶರ್ಟಿನಲ್ಲಿ ಚಹಾ ತಾಟು ಹಿಡಿದು ನಿಂತಿದ್ದೆ. ಉತ್ತರ ನಾಲಿಗೆಯ ಮೇಲಿತ್ತು. ಅವ್ವ ನನಗಿಂತ ಮುಂಚೆ.

"ನನ್ನ ಹಿರೇ ಮಗಳದ್ರೀ. ಇಕಿನೇ, ಕಾವೇರಿ. ಇವರಪ್ಪ ಹೋದ ಮ್ಯಾಲ ಈ ಮನಿ ನಡಸ್ದಾಕಿ. ಸಂಬಂಧ ಆಗ್ಲಿ, ಬಿಡ್ಲಿ... ಇಕಿ ಹಿಂಗೇ ಇರ್ತಾಳ."

ಅಂಬಣ್ಣನವರು ಚಹಾ ಮುಗಿಸಿ ಎದ್ದರು. ಹೋಗುವಾಗ ವಿಶ್ವಾಸ ಗಾಡಿಯ ಹಿಂದೆ ಒಂದು ಕ್ಷಣ ನಿಂತ.

ಅವ್ವ ಲೋಟ ತೊಳೆಯಲು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಅವಳು ತೊಳೆದದ್ದನ್ನು ಒರೆಸಿಟ್ಟೆ. ಇಷ್ಟು ವರ್ಷ ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು. ಇವತ್ತಿನ ಹೆಮ್ಮೆ ಅವಳ ಬಗ್ಗೆ.

2 ಮಾರ್ಚ್

ಬೀದರ್‌ನಿಂದ ಸುದ್ದಿಯೇ ಇರಲಿಲ್ಲ. ಬರೆಯಲೂ ಮನಸ್ಸಾಗಲಿಲ್ಲ. ನನ್ನಿಂದಲೇ ಸಂಬಂಧ ತಪ್ಪಿತು ಎಂದುಕೊಂಡಿದ್ದೆ. ಯಶೋಧರಾ ಮಾತ್ರ ನಿಶ್ಚಿಂತೆಯಿಂದ ತನ್ನ ಕೆಲಸಕ್ಕೆ ಹೋಗಿ ಬರುತ್ತಿದ್ದಳು.

ಈಗ ಅಂಬಣ್ಣನವರದೇ ಫೋನ್. ಒಪ್ಪಿಗೆ! ವಿಶ್ವಾಸ ಬೇರೆ ಕಡೆ ನೋಡಲು ಹೋಗಲೇ ಇಲ್ಲವಂತೆ. ಆಮೇಲೆ ಸ್ವಲ್ಪ ಕೆಮ್ಮಿ, ಮದುವೆ ಸಾಮಾನಿಗೆ ಗಾಡಿ ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ, ಆದರೆ ಹೆಸರು ಅಳಿಸುವುದಿಲ್ಲ ಎಂದೆ.

"ಅಳಸ್ಬ್ಯಾಡವಾ," ಎಂದರು.

ಬಟ್ಟೆ ತರಲು ಅವ್ವ ಕಲಬುರಗಿಗೆ ಹೊರಟಿದ್ದಾಳೆ. ಬಸ್ ಬೇಡವಂತೆ. ಆಗಲೇ ಟಂಟಂ ಏರಿ ಕೂತು ಹಾರ್ನ್ ಒತ್ತುತ್ತಿದ್ದಾಳೆ, ಓಣಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದಾರೆ — ಬಂದೆ, ಅವ್ವಾ!