ಎಡಗಾಲಿಗೂ ಒಂದು ಹರಕೆ

ಏನೂಂದ್ರೆ,

ನೀವು ತೀರಿಕೊಂಡ ಮೇಲೆ ನಮ್ಮ ವೇಣಿಯ ಬಲ ಮೊಣಕಾಲು ಮತ್ತೆರಡು ಸಲ ಕೆಟ್ಟಿತು. ಇನ್ನೊಂದು ಏಟು ಬಿದ್ದರೆ ಫುಟ್‌ಬಾಲ್ ಮುಗಿದಂತೆ ಎಂದರು ಡಾಕ್ಟರು. ಆ ಕಾಲು ವಾಸಿಯಾಗಲೆಂದು ಮುನೇಶ್ವರನಿಗೆ ಬೆಳ್ಳಿ ಕಾಲಿನ ಹರಕೆ ಹೊತ್ತೆ.

ಇವತ್ತು ವೈಟ್‌ಫೀಲ್ಡಿನಲ್ಲಿ ಅವಳು ಮತ್ತೆ ಡಿಫೆಂಡರ್ ಆಗಿ ಆಡಿದಳು. ನೀವು ಅಷ್ಟು ಕರೆದಾಗ ಬಾರದ ನಾನು ಇವತ್ತು ನೋಡಲು ಹೋದೆ. ಗೋಲಿಗೆ ನುಗ್ಗಿದ ಹುಡುಗಿಯನ್ನು ತಡೆಯುತ್ತಾ ವೇಣಿ ಬಿದ್ದಳು. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಅವಳು ಮಣ್ಣು ಕೊಡವಿಕೊಂಡು ಎದ್ದು ಓಡಿದಳು.

ಅಲ್ಲಿಂದ ನೇರ ಗುಡಿಗೆ ಹೋದೆವು. ಪೂಜಾರಿ ದೊಡ್ಡಮುನಿಯಪ್ಪ ನಾನು ಮಾಡಿಸಿ ತಂದಿದ್ದ ಬೆಳ್ಳಿ ಕಾಲನ್ನು ತಿರುಗಿಸಿ ನೋಡಿ, "ಬೈರಮ್ಮಾ, ಇದು ಎಡಗಾಲು ಕಣಮ್ಮೋ!" ಎಂದ.

"ಇರ್ಲಿ ಬಿಡಮ್ಮ, ಎಡಗಾಲ್ಗೆ ಅಡ್ವಾನ್ಸು. ಇನ್ನೂ ಹತ್ವರ್ಷ ಆಡ್ಬೇಕಲ್ಲ!" ಎಂದು ನಕ್ಕಳು ವೇಣಿ.

ಆಟ ಬಿಡು ಎಂಬ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ನುಂಗಿಕೊಂಡು, ಆ ಎಡಗಾಲನ್ನೇ ದೇವರ ಮುಂದಿಟ್ಟು ಕೈಮುಗಿದೆ. ಬಲಗಾಲನ್ನು ನಾಳೆ ಮಾಡಿಸುತ್ತೇನೆ.