ಸ್ಪರ್ಧೆಗೆ ಹೋದ ತೈವೋ

ಇಸೇಯಿನ್,
ಮಂಗಳವಾರ ಬೆಳಿಗ್ಗೆ

ಮಗಳೇ ಕೆಹಿಂಡೆ,

ತಾಯಿಯ ಆಶೀರ್ವಾದ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಕೆಲಸ ಕೆಡುತ್ತದೆ. ಅದಕ್ಕೇ ಬರೆದು ನಿನ್ನ ಸೋದರತ್ತೆ ಅಬೇಕೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳೆದುರು ಓದಬೇಡ.

ನಿನ್ನೆ ಅವಳು ನಿಮ್ಮ ವಿಶ್ವವಿದ್ಯಾಲಯದ ಪ್ರದರ್ಶನ ನೋಡಿಕೊಂಡು ನೇರವಾಗಿ ಇಲ್ಲಿಗೇ ಬಂದಳು. ಹೊಸ ಶಿಲ್ಪಿಗಳ ಬಹುಮಾನಕ್ಕೆ ಕೊನೆಯಲ್ಲಿ ಉಳಿದವರಲ್ಲಿ ನೀನೂ ಒಬ್ಬಳಂತೆ. ಮಗ್ಗದ ಹೆಂಗಸರೆಲ್ಲ ಕೇಳಲಿ ಎಂದು ಅಂಗಳದಲ್ಲೇ ನಿಂತು ಕೂಗಿದಳು: “ಏನ್ ಅತ್ತಿಗೆ, ಮಗಳನ್ನ ಹೆತ್ರೆ ಹಿಂಗೆ ಹೆರ್ಬೇಕು! ನಮ್ಮನ್ನ ಬಿಟ್ಟು ಹೋದ ತೈವೋನ ಗೊಂಬೇನ ಥೇಟ್ ನಿಮ್ಮನೇಲಿರೋ ಥರಾನೇ ಕೆತ್ತವ್ಳೆ! ಆ ಕೆನ್ನೆ ನೋಡ್ಬೇಕು, ಎಷ್ಟೋ ವರ್ಷ ಮುಟ್ಟಿ ಮುಟ್ಟಿ ಸವೆದಂಗೈತೆ. ಮೇಷ್ಟ್ರುಗಳು ಅದರ ಮುಂದಿಂದ ಕದಲ್ತಾನೇ ಇಲ್ಲ. ಗೆದ್ರೆ ಗಾಜಿನ ಪೆಟ್ಟಿಗೇಲಿ ಅಲ್ಲೇ ಇಟ್ಕೋತಾರಂತೆ, ವಾಪಸ್ ಕೊಡಲ್ವಂತೆ!”

“ಮೊದ್ಲು ಕೈಕಾಲು ತೊಳ್ಕೊಂಡು ಉಣ್ಣು, ಆಮೇಲೆ ಕುಣಿಯುವಂತೆ” ಎಂದೆ. ಅವಳು ಉಣ್ಣುತ್ತಿದ್ದಾಗ ಒಳಗೆ ಹೋಗಿ ಗೂಡಿನಲ್ಲಿದ್ದ ತೈವೋನನ್ನು ಎತ್ತಿಕೊಂಡೆ. ಆಗ ಗೊತ್ತಾಯಿತು. ನೀಲಿ ಬಟ್ಟೆ ಅವನದೇ, ಮಣಿಸರ ಅವನದೇ. ಮರ ಮಾತ್ರ ಬೇರೆ.

ರಜೆಗೆ ಬಂದವಳು ನೀನು ಸ್ಪರ್ಧೆಗೆಂದು ಹಿತ್ತಿಲಲ್ಲಿ ಕೂತು ಅವನಂಥದೇ ಇನ್ನೊಂದನ್ನು ಕೆತ್ತುತ್ತಿದ್ದೆ. “ಏನ್ ಮಾಡಿದ್ರೂ ನನ್ನದಕ್ಕೆ ಜೀವ ಬರ್ತಿಲ್ಲಮ್ಮ” ಎಂದು ಗೊಣಗುತ್ತಿದ್ದೆ. ಬಾರದ ಜೀವವನ್ನು ಗೂಡಿನಿಂದ ಕದ್ದೆಯಾ?

ನಿನ್ನ ತಮ್ಮ ಹಾಲುಗೂಸಾಗಿದ್ದಾಗಲೇ ಹೊರಟುಹೋದ. ಅವಳಿಗಳಲ್ಲಿ ಒಂದು ತೀರಿಕೊಂಡರೆ ನಮ್ಮವರು ಮಾಡುವಂತೆ, ಆ ವಾರವೇ ಅವನನ್ನು ಮರದಲ್ಲಿ ಕೆತ್ತಿಸಿ ತಂದೆ. ಅಂದಿನಿಂದ ಮೀಯಿಸಿದ್ದೇನೆ, ನಿನಗೆ ಅಲಸಂದೆ ಬಡಿಸಿದಾಗಲೆಲ್ಲ ಅವನ ಬಾಯಿಗೂ ಮುಟ್ಟಿಸಿದ್ದೇನೆ. ನಿಮ್ಮ ಮೇಷ್ಟ್ರುಗಳು ಮೆಚ್ಚಿದ ಆ ಕೆನ್ನೆ ಸವೆದದ್ದು ನಿನ್ನ ಉಳಿಯಿಂದಲ್ಲ, ನನ್ನ ಹೆಬ್ಬೆರಳಿನಿಂದ.

ಅವನು ಮೊದಲು ಹುಟ್ಟಿದ, ನೀನು ಆಮೇಲೆ. ಆದರೂ ನಮ್ಮವರು ನಿನ್ನನ್ನೇ ಹಿರಿಯಳೆನ್ನುವುದು ಏಕೆ? ಲೋಕ ಹೇಗಿದೆ ನೋಡಿ ಬಾ ಎಂದು ತಮ್ಮನನ್ನು ಮುಂದೆ ಕಳಿಸಿದವಳು ನೀನು ಎಂದು. ಈಗಲೂ ಹೆದರಿಕೆಯಾದಾಗ ಅವನನ್ನೇ ಮುಂದೆ ತಳ್ಳಿದೆಯಲ್ಲ!

ತೀರ್ಪುಗಾರರು ಬರುವುದು ಗುರುವಾರವಂತೆ. ಅಷ್ಟರೊಳಗೆ ನೀನಾಗಿಯೇ ಹೋಗಿ ಹೇಳು, ಅದು ನಾನು ಕೆತ್ತಿದ್ದಲ್ಲ ಎಂದು. ಹೊರಗೆ ಹಾಕಿದರೆ ಹಾಕಲಿ. ಹೇಳದಿದ್ದರೆ ನಾನೇ ಬಂದು ಎಲ್ಲರೆದುರು ಮಗನನ್ನು ಎತ್ತಿಕೊಂಡು ಹೋಗುತ್ತೇನೆ. ಸುಮ್ಮನೆ ಬೆದರಿಸುವವಳು ನಾನಲ್ಲ, ನಿನಗೆ ಗೊತ್ತು.

ಇಂತಿ,
ನಿನ್ನ ತಾಯಿ,
ಊರಿನವರಿಗೆ ಇಂದಿಗೂ ಅವಳಿಗಳ ತಾಯಿ

ಇನ್ನೊಂದು ಮಾತು: ಅಬೇಕೆ ಕೊಡುವ ಗಂಟಿನಲ್ಲಿ ನೀನು ಕೆತ್ತಿದ್ದಿದೆ. ನಿಜ ಹೇಳಿದ ಮೇಲೂ ಅವರು ಒಪ್ಪಿದರೆ ಇದನ್ನು ಇಡು. ನಿನ್ನೆ ಗೊತ್ತಾಯಿತೆಂದು ಮೇಲೆ ಬರೆದದ್ದು ಸುಳ್ಳು. ನೀನು ಹೊರಟ ದಿನವೇ, ಮೀಯಿಸುವಾಗಲೇ ಗೊತ್ತಾಗಿತ್ತು. ಸುಮ್ಮನಿದ್ದೆ. ಹಳೆಯದನ್ನು ಕೆತ್ತಿದ ಮುದುಕ ನನ್ನ ಮಗುವನ್ನು ಕಂಡವನಲ್ಲ. ನೀನು ಕನ್ನಡಿ ನೋಡಿಕೊಂಡು ಕೆತ್ತಿದೆಯೋ ಏನೋ, ಬೆಳೆದಿದ್ದರೆ ಅವನು ಹೀಗೇ ಇರುತ್ತಿದ್ದ. ಗೆದ್ದರೆ ಇದನ್ನೂ ಅವರೇ ಇಟ್ಟುಕೊಳ್ಳುತ್ತಾರೆ, ತಿಳಿದಿದೆ. ಕಟ್ಟಿದ ಗಂಟನ್ನು ಆಗಲೇ ಮತ್ತೆ ಬಿಚ್ಚಿ ನೋಡಿದ್ದೇನೆ. ಇನ್ನೊಮ್ಮೆ ಬಿಚ್ಚುವ ಮೊದಲು ಅಬೇಕೆ ಬಸ್ಸು ಹತ್ತಲಿ.