ಮುಂದಿನ ತಿಂಗಳ ಅತಿಥಿ

ಭಾನುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆ

ಮಾನ್ಯ ಅತಿಥಿಗಳಿಗೆ ಶನಿವಾರ ಸಂಘದ ಸವಿನಯ ವಂದನೆಗಳು.

ಮುಂದಿನ ತಿಂಗಳ ಮೊದಲ ಶನಿವಾರ ಸಂಜೆ ನಡೆಯಲಿರುವ ನಮ್ಮ ಸಂಘದ ವಾರ್ಷಿಕ ಸಮಾರಂಭಕ್ಕೆ ತಾವು ಮುಖ್ಯ ಅತಿಥಿಗಳಾಗಿ ಆಗಮಿಸಿ, ‘ದೊಡ್ಡವರಿಗೆ ಈಜು’ ಎಂಬ ವಿಷಯವಾಗಿ ಮಾತನಾಡಬೇಕೆಂದು ನಮ್ಮ ಕಾರ್ಯಕಾರಿ ಸಮಿತಿಯು ಒಮ್ಮತದಿಂದ

ಇವಳೇ, ಒಮ್ಮತ ಎನ್ನುವುದು ಹಸಿ ಸುಳ್ಳು. ನಾನು ಕೈ ಎತ್ತಲಿಲ್ಲ. ನಿನಗೆ ‘ತಾವು’ ಅಂತ ಬರೆಯುವುದೂ ನನ್ನಿಂದ ಆಗುತ್ತಿಲ್ಲ. ಮೇಜಿನ ಕೆಳಗೆ ಹರಿದ ಹಾಳೆಗಳ ರಾಶಿಯೇ ಬಿದ್ದಿದೆ. ನೀನು ಮನೆ ಬಿಟ್ಟು ಹೋದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಎರಡು ವರ್ಷ ತುಟಿ ಬಿಚ್ಚದ ಮನುಷ್ಯ ಈಗ ಸಂಘದವರು ಹೇಳಿದರು ಅಂತ ಬರೆಯುತ್ತಿದ್ದಾನಲ್ಲ ಎಂದು ನಗುತ್ತೀಯೇನೋ. ನಗು, ಪರವಾಗಿಲ್ಲ.

ಸಂಘ ನೀನು ಬಿಟ್ಟುಹೋದ ಹಾಗೇ ಇದೆ. ವಾಚನಾಲಯದ ಮಹಡಿ, ಕೂತರೆ ಕಿರುಗುಟ್ಟುವ ಅದೇ ಮಡಚುವ ಕುರ್ಚಿಗಳು, ತಿಂಗಳಿಗೊಬ್ಬ ಅತಿಥಿ, ಭಾಷಣ, ಆಮೇಲೆ ಸಭಿಕರ ಪ್ರಶ್ನೆ, ಆಮೇಲೆ ಚಹಾ. ಅಧ್ಯಕ್ಷರು ಮಾತ್ರ ಹೊಸಬರು, ಹಲ್ಲಿನ ಡಾಕ್ಟರು. ಊರಿಗೂ ಹೊಸಬರಾದ್ದರಿಂದ ಯಾರ ಮನೆಯ ವಿಷಯವೂ ಅವರಿಗೆ ಗೊತ್ತಿಲ್ಲ. ಹೋದ ತಿಂಗಳು ನಿಮ್ಮೂರಿನ ಸಂಘದ ಸಭೆಗೆ ಹೋಗಿದ್ದವರು ಕಾಲು ನೆಲದ ಮೇಲೆ ನಿಲ್ಲದ ಹಾಗೆ ವಾಪಸು ಬಂದರು. ಸಮಿತಿಯ ಸಭೆಯಲ್ಲಿ ಚಹಾ ಆರಿ ತಣ್ಣಗಾಗುವ ತನಕ ಒಂದೇ ಸಮನೆ ನಿನ್ನ ಗುಣಗಾನ. ನಲವತ್ತು ದಾಟಿದವರಿಗೆ ಈಜು ಕಲಿಸುವ ಒಬ್ಬ ಮೇಡಂ ಮಾತಾಡಿದರು, ಎಷ್ಟೋ ವರ್ಷದಿಂದ ಇಂಥ ಭಾಷಣ ಕೇಳಿರಲಿಲ್ಲ, ನಮ್ಮ ಸಮಾರಂಭಕ್ಕೆ ಅವರನ್ನೇ ಕರೆಸಬೇಕು ಅಂದರು. ಅಷ್ಟಕ್ಕೆ ಸುಮ್ಮನಾಗಬಾರದೇ, ಅಂಥವರ ಮನೆಯವರು ಪುಣ್ಯವಂತರು ಅಂತಲೂ ಸೇರಿಸಿದರು.

ಔಷಧಿ ಅಂಗಡಿಯವರು ಕೆಮ್ಮಿದರು. ಖಜಾಂಚಿಗಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗಿ ಮುರಿದು ಬೀಳುವ ತನಕ ಅದನ್ನೇ ನೋಡುತ್ತಾ ಕೂತರು. ನಾನು ಸುಮ್ಮನಿದ್ದೆ ಅಂದುಕೊಳ್ಳಬೇಡ. ನಮ್ಮ ಸದಸ್ಯರಿಗೆ ಮಹಡಿ ಹತ್ತುವುದೇ ಕಷ್ಟ, ಇವರಿಗೆ ಈಜು ಯಾಕೆ ಅಂದೆ. ಇನ್ನೊಂದು ಸಂಘದಲ್ಲಿ ಆಡಿದ ಮಾತನ್ನೇ ತಂದು ಇಲ್ಲೂ ಆಡಿಸುವುದು ತಂಗಳು ಬಡಿಸಿದ ಹಾಗೆ ಅಂತಲೂ ಅಂದೆ. ನಮ್ಮ ನಿವೃತ್ತ ಹೆಡ್‌ಮಿಸ್ಸು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆ ಕನ್ನಡಕ ನಾನೇ ಮಾಡಿಕೊಟ್ಟದ್ದು, ಮೇಲಿನಿಂದ ನೋಡಲಿ ಅಂತ ಅಲ್ಲ. ಕಾಗದವನ್ನು ಕಾರ್ಯದರ್ಶಿಗಳೇ ಬರೀಲಿ, ವಿಳಾಸ ಅವರಿಗೆ ಗೊತ್ತಿರುತ್ತೆ ಅಂತ ನನ್ನ ಕಡೆ ಕೈ ತೋರಿಸಿದರು. ಡಾಕ್ಟರಿಗೆ ಖುಷಿಯೋ ಖುಷಿ. ಓಹೋ, ನಿಮಗೆ ಪರಿಚಯವೇ ಅಂತ ನನ್ನನ್ನು ಕೇಳಿದರು. ಸ್ವಲ್ಪ ಪರಿಚಯ ಅಂದೆ.

ನನಗೆ ಹೊಟ್ಟೆಕಿಚ್ಚು ಕಣೇ. ಸುತ್ತಿ ಬಳಸಿ ಹೇಳುವುದೇನಿದೆ, ನಮ್ಮ ಸಂಘಕ್ಕೆ ಬಂದ ಒಬ್ಬೊಬ್ಬ ಅತಿಥಿಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಅವರನ್ನು ಹುಡುಕುವವನು ನಾನು, ಹಾರ ತರುವವನು ನಾನು, ಎದ್ದು ನಿಂತು ಪರಿಚಯ ಓದುವವನು ನಾನು; ನೀನು ಕಣ್ಣು ಮಿಟುಕಿಸದೆ ನೋಡುತ್ತಿದ್ದದ್ದು ಮಾತ್ರ ಅವರನ್ನು. ನೆನಪಿದೆಯಾ, ಆ ಬೀಗ ರಿಪೇರಿಯವರು? ಎಲ್ಲರಿಗೂ ನಮಸ್ಕಾರ ಅಂತ ಹೇಳಿ ಮುಗಿಸುವಷ್ಟರಲ್ಲಿ, ಕೀಲಿಕೈ ಕಳೆದುಹೋಗಿ ಯಾವ ಕಾಲವೋ ಆಗಿದ್ದ ನಮ್ಮ ಸಂಘದ ಕಪಾಟನ್ನು ತೆರೆದೇಬಿಟ್ಟಿದ್ದರು. ಒಳಗೆ ಹಳೆಯ ಅಧ್ಯಕ್ಷರ ಛತ್ರಿ ಒಂದೇ ಇತ್ತು, ಆದರೂ ಚಪ್ಪಾಳೆ ನಿಲ್ಲಲಿಲ್ಲ. ನೀನು ಎದ್ದು ನಿಂತು, ಒಳಗಿನಿಂದ ಯಾರಾದರೂ ಚಿಲಕ ಹಾಕಿಕೊಂಡಿದ್ದರೆ ಏನು ಮಾಡ್ತೀರಿ ಅಂತ ಕೇಳಿದೆ. ಆಗ ನಾವು ಕೈ ಹಾಕಲ್ಲಮ್ಮ, ಬಾಗಿಲು ತಟ್ಟಿ ಕಾಯ್ತೀವಿ ಅಂದರು ಅವರು. ಇಡೀ ಸಭೆ ಆಹಾ ಅಂದಿತು. ನೀನು ಆ ಪ್ರಶ್ನೆಯನ್ನು ನನ್ನ ಕಡೆ ನೋಡಿಕೊಂಡೇ ಕೇಳಿದೆ ಅಂತ ನನಗೆ ಆವತ್ತಿನಿಂದ ಈವತ್ತಿನವರೆಗೂ ಅನುಮಾನ.

ಜೇನು ಸಾಕುವವರ ಕಥೆಯೂ ಅಷ್ಟೆ. ಔಷಧಿ ಅಂಗಡಿಯವರ ಬೋಳುತಲೆಯ ಮೇಲೆ ಹುಳು ಕೂತು, ಸಭೆಯೆಲ್ಲ ಉಸಿರು ಬಿಗಿಹಿಡಿದಿದ್ದಾಗ ನಿನಗೊಬ್ಬಳಿಗೇ ನಗು. ತಮ್ಮ ಭಾಷಣದ ನಡುವೆ ತಾವೇ ತೂಕಡಿಸಿ, ಎಚ್ಚರವಾದಾಗ ಮುಂದಿನ ಕೇಸು ಕರೀರಿ ಅಂದ ನಿವೃತ್ತ ನ್ಯಾಯಾಧೀಶರನ್ನೂ ನೀನು ಒಂದು ವಾರ ಹೊಗಳಿದೆ. ಅಯ್ಯೋ ಪಾಪ, ಎಷ್ಟು ಸಹಜ ಮನುಷ್ಯ ಅಂದೆ. ನಾನು ಊಟದ ಮೇಜಿನಲ್ಲಿ ತೂಕಡಿಸಿದರೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದವಳು ನೀನು.

ಕೊನೆಗೆ ಆ ಮುಳುಗುಗಾರ ಬಂದ. ಹಡಗುಗಳ ಅಡಿಗೆ ಇಳಿದು ರಿಪೇರಿ ಮಾಡಿ ನಿವೃತ್ತನಾದವನು, ಕತ್ತು ಎಮ್ಮೆಯ ಕತ್ತು, ಮಾತು ಮಾತ್ರ ಮೆತ್ತಗೆ. ನೀರಿನೊಳಗಿದ್ದಾಗ ಮೇಲಿನವರ ಮಾತು ಕೇಳಿಸುತ್ತಾ ಅಂತ ನೀನು ಕೇಳಿದೆ. ಇಲ್ಲ, ಅದಕ್ಕೇ ಆ ಕೆಲಸ ನನಗೆ ಅಷ್ಟು ಇಷ್ಟ ಅಂದ. ನೀನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ನಗು ನಿಂತ ಮೇಲೆ, ಈ ವಯಸ್ಸಿನಲ್ಲಿ ನಾನೂ ಕಲೀಬಹುದಾ ಅಂತ ಇನ್ನೊಂದು ಪ್ರಶ್ನೆ ಶುರು ಮಾಡಿದೆ. ಆಗಲೇ ನಾನು ಗಂಟೆ ಬಾರಿಸಿದ್ದು. ಸಮಯ ಮುಗಿದಿತ್ತು, ವಾಚನಾಲಯದವರು ಬಾಗಿಲು ಹಾಕಬೇಕಿತ್ತು. ಗಡಿಯಾರದಲ್ಲಿ ಇನ್ನೂ ಸಮಯವಿತ್ತು ಅಂತ ನೀನು ವಾದಿಸಿದೆ. ಆ ಗಡಿಯಾರ ಮೊದಲಿನಿಂದಲೂ ನಿಧಾನ. ಭಾಷಣ ಮಾಡುವವರನ್ನು ಬಿಟ್ಟು ಬೇರೆ ಯಾರಿಗೂ ನಮ್ಮ ಸಂಘದಲ್ಲಿ ಗಂಟೆ ಬಾರಿಸುವ ಪದ್ಧತಿಯಿಲ್ಲ ಅಂತ ಹೆಡ್‌ಮಿಸ್ಸು ಈಗಲೂ ನೆನಪಿಸುತ್ತಾರೆ. ಮನೆಗೆ ಬಂದು ನೀನೂ ಅದನ್ನೇ ಹೇಳಿದೆ, ಗಂಟೆ ಇರೋದು ಅತಿಥಿಗಳಿಗೆ ಅಲ್ವಾ ಅಂತ. ಹಾಗಾದರೆ ನೀನೂ ಎಲ್ಲಾದರೂ ಅತಿಥಿಯಾಗಿ ಹೋಗು ಅಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತನ್ನು ಯಾರಾದರೂ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರಾ? ಹಟಕ್ಕೆ ಬಿದ್ದು ಈಜು ಕಲಿತೆ, ಅಷ್ಟಕ್ಕೇ ನಿಲ್ಲದೆ ಕಲಿಸುವುದನ್ನೂ ಕಲಿತೆ, ನಿಮ್ಮೂರಿನ ಈಜುಕೊಳದಲ್ಲಿ ಕೆಲಸ ಸಿಕ್ಕಿತು ಅಂತ ಹೊರಟೇಬಿಟ್ಟೆ. ನಾನು ಬಾಗಿಲಲ್ಲಿ ನಿಂತು, ಟವೆಲ್ ಇಟ್ಟುಕೊಂಡಿದ್ದೀಯಾ ಅಂತ ಮಾತ್ರ ಕೇಳಿದೆ.

ಇರಲಿ. ನಿನ್ನ ಭಾಷಣದ ವಿಷಯಕ್ಕೆ ಬರುತ್ತೇನೆ. ಮಾತಿನ ನಡುವೆ ನೀನು ಚೀಟಿಗಳನ್ನು ಮೇಜಿನ ಮೇಲೆ ಬಿಟ್ಟು ಮುಂದೆ ಬಂದೆಯಂತೆ, ನೀಲಿ ಕೋಟಿನ ತೋಳು ಮಡಚಿಕೊಂಡೆಯಂತೆ, ಗಂಟಲು ಒಣಗಿದರೂ ನೀರಿನ ಲೋಟ ಮುಟ್ಟಲಿಲ್ಲವಂತೆ. ಈ ‘ಅಂತೆ’ಗಳನ್ನೆಲ್ಲ ಡಾಕ್ಟರು ಹೇಳಿದರು ಅಂತ ಬರೆಯಬೇಕು ಅಂದುಕೊಂಡಿದ್ದೆ. ಅವರು ಹೇಳಲಿಲ್ಲ. ನಾನೂ ಬಂದಿದ್ದೆ. ಅಂಗಡಿಗೆ ಲೆನ್ಸ್ ತರಲು ಹೊರಟಿದ್ದೆ, ದಾರಿಯಲ್ಲಿ ಇಳಿದೆ ಅಂದರೆ ನೀನು ನಂಬುವುದಿಲ್ಲ; ಲೆನ್ಸ್ ಸಿಗುವ ಊರು ಯಾವ ದಿಕ್ಕಿಗಿದೆ ಅಂತ ನಿನಗೆ ಚೆನ್ನಾಗಿ ಗೊತ್ತು. ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ. ಡಾಕ್ಟರು ಮುಂದಿನ ಸಾಲಿನಲ್ಲಿ ಬಾಯಿ ತೆರೆದುಕೊಂಡು ಕೂತಿದ್ದರು, ನನ್ನನ್ನು ನೋಡಲಿಲ್ಲ.

ನೀನು ಅಷ್ಟು ಹೊತ್ತು ತಡೆಯಿಲ್ಲದೆ ಮಾತಾಡಿದ್ದನ್ನು ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿಯೇ ಇರಲಿಲ್ಲ. ಹೆಸರು ಕುಲ ಗೊತ್ತಿಲ್ಲದ ಜನ ಅದನ್ನು ಪುಕ್ಕಟೆಯಾಗಿ ಕೇಳುತ್ತಿದ್ದರು, ಅವರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಬೇಕು ಅನ್ನಿಸಿತು. ನಡುವೆ ನೀನೊಂದು ಕಥೆ ಹೇಳಿದೆ: ಒಬ್ಬ ವಿದ್ಯಾರ್ಥಿ ಇದ್ದರು, ಒಂದು ಕೈಯಲ್ಲಿ ಕೊಳದ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ಕೈ, ಎರಡನ್ನೂ ಬಿಡರು. ಅವರೂ ಈಜಲಿಲ್ಲ, ನನಗೂ ಈಜಲು ಬಿಡಲಿಲ್ಲ ಅಂತ ಹೇಳಿ ನೀನು ಎಲ್ಲರನ್ನೂ ನಗಿಸಿದೆ. ನಾನೂ ನಕ್ಕೆ. ನೀರಿಗೆ ಇಳಿದವನೇ ಅಲ್ಲದ ನಾನು ಅದು ನಾನಲ್ಲ ಅಂತ ಧೈರ್ಯವಾಗಿದ್ದೆ. ವಾಪಸು ಬರುವಾಗ ಬಸ್ಸು ಅರ್ಧ ದಾರಿ ದಾಟುವಷ್ಟರಲ್ಲಿ ನಾನೇ ಅಂತ ಖಾತ್ರಿಯಾಯಿತು.

ಭಾಷಣ ಮುಗಿದ ಮೇಲೆ ನಿನ್ನನ್ನು ಮಾತಾಡಿಸಬೇಕು ಅಂತಲೇ ಬಂದಿದ್ದೆ. ಏನು ಹೇಳಬೇಕು ಅಂತಲೂ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಎದ್ದು ಅರ್ಧ ಸಭಾಂಗಣ ದಾಟಿದ್ದೆ, ಅಷ್ಟರಲ್ಲಿ ಒಬ್ಬ ಉದ್ದನೆಯ ಮನುಷ್ಯ ಬಂದು ನಿನ್ನ ಚೀಲ ಎತ್ತಿಕೊಂಡ. ಕೇಳಿ ಎತ್ತಿಕೊಂಡದ್ದಲ್ಲ, ದಿನಾ ಎತ್ತಿಕೊಳ್ಳುವವನ ಹಾಗೆ. ನೀನು ಅವನ ಕಡೆ ತಿರುಗಿಯೂ ನೋಡದೆ ಕೈ ಚಾಚಿದೆ, ಅವನು ನೀರಿನ ಬಾಟಲಿಯನ್ನು ಆ ಕೈಯಲ್ಲಿಟ್ಟ. ತಿರುಗಿ ನೋಡದೆ ಕೈ ಚಾಚಬೇಕಾದರೆ ಎಷ್ಟು ಸಲುಗೆ ಬೇಕು ಅಂತ ನನಗೆ ಗೊತ್ತಿಲ್ಲವೇ? ಅವನ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿ ಮೂಗಿನ ಮೇಲೆ ಸೊಟ್ಟಗೆ ಕೂತಿತ್ತು. ತಿರುಪು ಬಿಗಿ ಮಾಡಿಕೊಡೋಣ ಅಂತ ಕೈ ತಾನಾಗಿ ಜೇಬಿಗೆ ಹೋಯಿತು, ಕಸುಬಿನ ಗುಣ. ಆಮೇಲೆ, ಬಿದ್ದು ಒಡೆದುಹೋಗಲಿ ಅಂದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಬಂದೆ. ಅವನು ಯಾರು ಅಂತ ನಾನು ಕೇಳುವುದಿಲ್ಲ. ಈಜುಕೊಳದ ಮ್ಯಾನೇಜರ್ ಇರಬಹುದು. ಕಾರಿನ ಡ್ರೈವರ್ ಇರಬಹುದು. ನಿಮ್ಮಲ್ಲಿ ಡ್ರೈವರುಗಳಿಗೆ ಅಷ್ಟು ಒಳ್ಳೆಯ ಕೋಟು ಕೊಡುತ್ತಾರೋ ಏನೋ. ಕೇಳುವುದಿಲ್ಲ ಅಂದ ಮೇಲೆ ಕೇಳುವುದಿಲ್ಲ.

ನನ್ನ ಕಷ್ಟ ಬೇರೆಯೇ ಇದೆ. ನಮ್ಮಲ್ಲಿ ಅತಿಥಿಯ ಪರಿಚಯವನ್ನು ಕಾರ್ಯದರ್ಶಿಯೇ ಬರೆದು ಓದಬೇಕು. ನಿಮ್ಮ ಸಂಘದವರು ಓದಿದ ಪರಿಚಯ ಕೇಳಿದೆ. ಎಷ್ಟು ಜನಕ್ಕೆ ಕಲಿಸಿದ್ದೀಯ, ಯಾವ ಪದಕ ಬಂದಿದೆ, ಎಲ್ಲ ಇತ್ತು. ಗಂಡ ಅಂತ ಒಬ್ಬನಿದ್ದಾನೆ ಅಂತ ಇರಲಿಲ್ಲ. ಬರೆಯಬೇಡಿ ಅಂತ ನೀನೇ ಹೇಳಿದ್ದೋ, ಅವರಿಗೆ ಗೊತ್ತೇ ಇಲ್ಲವೋ. ಬೆಳಿಗ್ಗೆಯಿಂದ ನಾನೂ ಒಂದು ಪರಿಚಯ ಬರೆಯಲು ಕೂತೆ. ಇವರು ಪತ್ರಿಕೆಯನ್ನು ಕೊನೆಯ ಪುಟದಿಂದ ಓದುವವರು. ಹಾಡಿನ ಮೊದಲ ಸಾಲು ಬಿಟ್ಟು ಉಳಿದದ್ದನ್ನೆಲ್ಲ ತಪ್ಪಾಗಿ ಹಾಡುವವರು, ತಿದ್ದಿದರೆ ಇನ್ನೂ ಜೋರಾಗಿ ಹಾಡುವವರು. ಸಿಟ್ಟು ಬಂದರೆ ಬಾಗಿಲು ಬಡಿಯದೆ, ಬೀರುವಿನ ಬಟ್ಟೆಯನ್ನೆಲ್ಲ ಕೆಳಗೆ ಹಾಕಿಕೊಂಡು ಮತ್ತೆ ಮಡಚುವವರು. ಮನೆ ಬಿಡುವ ದಿನ ಗಂಡನ ಅಂಗಿಗಳನ್ನೆಲ್ಲ ಮಡಚಿಟ್ಟು ಹೋದವರು. ಆ ಮಡಿಕೆ ಬಿಚ್ಚಲು ಮನಸ್ಸು ಬಾರದೆ ಇವರ ಗಂಡ ಹೊಸ ಅಂಗಿಗಳನ್ನು ಕೊಂಡು ಹಾಕಿಕೊಳ್ಳುತ್ತಿದ್ದಾನೆ.

ಇಷ್ಟು ಬರೆದ ಮೇಲೆ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡೆ, ಕನ್ನಡಕದ್ದೇನೂ ತಪ್ಪಿರಲಿಲ್ಲ. ಇದನ್ನು ಸಭೆಯಲ್ಲಿ ಓದಲು ಆಗುತ್ತದಾ ಹೇಳು? ಡಾಕ್ಟರಿಗೆ ನಿನ್ನೆ ನಿಜ ಹೇಳಿದೆ, ಅವರು ನನ್ನ ಹೆಂಡತಿ ಅಂತ. ಹಾಗಾದರೆ ಉಳಿಯಲು ಬಾಡಿಗೆ ಕೋಣೆ ಬೇಡವಲ್ಲ ಅಂತ ಡಾಕ್ಟರು ಕೇಳಿದರು. ಗೊತ್ತಿಲ್ಲ ಅಂದೆ.

ಬಾ. ಎಷ್ಟು ಹೊತ್ತು ಬೇಕಾದರೂ ಮಾತಾಡು, ಆ ಕಂಬಿ ಹಿಡಿದವನ ಕಥೆಯನ್ನೂ ಹೇಳು. ಜನ ಚಪ್ಪಾಳೆ ತಟ್ಟಿದರೆ ನನಗೆ ಉರಿಯುವುದು ಖಂಡಿತ, ಅದಕ್ಕೆ ನಾನು ಏನೂ ಮಾಡಲಾರೆ. ಉರಿದರೂ ಕೂತು ಕೇಳುತ್ತೇನೆ. ನೀನಿಲ್ಲದೆ ಸಭೆಯಲ್ಲಿ ಯಾರೂ ಒಳ್ಳೆಯ ಪ್ರಶ್ನೆ ಕೇಳುವುದಿಲ್ಲ, ಮನೆಯಲ್ಲಂತೂ ಯಾರೂ ಏನೂ ಕೇಳುವುದಿಲ್ಲ.

ಇಂತು,
ಶನಿವಾರ ಸಂಘದ ಪರವಾಗಿ,
ನಿನ್ನ ಕನ್ನಡಕದ ಅಂಗಡಿಯವನು

ತಾ. ಕ.: ಮುಖ್ಯ ಅತಿಥಿಗಳ ಜೊತೆ ಬರುವ ಒಬ್ಬರಿಗೂ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸುವುದು ನಮ್ಮ ಸಂಘದ ಕ್ರಮ. ಆದ್ದರಿಂದ ತಾವು ಒಬ್ಬರೇ ಬರುವಿರೋ, ಜೊತೆಯಲ್ಲಿ ಯಾರಾದರೂ ಇರುವರೋ ಎಂಬುದನ್ನು ದಯವಿಟ್ಟು ತಿಳಿಸಬೇಕು. ಇದು ಎಲ್ಲ ಅತಿಥಿಗಳನ್ನೂ ಕೇಳುವ ಪ್ರಶ್ನೆ. ಯಾರಾದರೂ ಇದ್ದರೆ ಬಸ್‌ ನಿಲ್ದಾಣಕ್ಕೆ ಡಾಕ್ಟರು ಬರುತ್ತಾರೆ, ಪರಿಚಯವನ್ನೂ ಅವರೇ ಓದುತ್ತಾರೆ. ಆ ಶನಿವಾರ ನನಗೆ ಜ್ವರ ಬರುತ್ತದೆ. ಒಬ್ಬಳೇ ಬರುವುದಾದರೆ ಉತ್ತರವೂ ಬೇಡ ಕಣೇ. ಬೆಳಗಿನ ಮೊದಲ ಬಸ್ಸಿನ ಹೊತ್ತಿನಿಂದ ನಾನು ಅಲ್ಲೇ ನಿಂತಿರುತ್ತೇನೆ.